ಹೊಟ್ಟೆಗೆ ಹಿಟ್ಟೂ ಬೇಕು, ಜುಟ್ಟಿಗೆ ಮಲ್ಲಿಗೆಯೂ ಬೇಕು

ಮುಂಬೈಯ ರಾತ್ರಿ ಶಾಲೆಗಳಲ್ಲಿ ಮೊದಲ ಗಂಟೆ ಬಾರಿಸುವುದು ಸಂಜೆ ಆರೂವರೆಯ ಹೊತ್ತಿಗೆ. ಈ ಶಾಲೆಗಳಿಗೆ ಸ್ವಂತ ಕಟ್ಟಡ ಇರುವುದು ಅಪರೂಪ. ಹಗಲು ಹೊತ್ತು ಸಣ್ಣ ಮಕ್ಕಳ ಶಾಲೆ ನಡೆಯುವ ಕೋಣೆಗಳಲ್ಲೇ ರಾತ್ರಿ ಇವರ ತರಗತಿ. ಹಾಗಾಗಿ ನಾಲ್ಕನೇ ತರಗತಿಯ ಮಕ್ಕಳಿಗೆಂದು ಮಾಡಿಸಿದ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗ ಮೊಣಕಾಲು ಮಡಚಿಕೊಂಡು ಕೂತಿರುತ್ತಾನೆ. ಗೋಡೆಯ ಮೇಲೆ ಮೊಲ, ಆಮೆಯ ಚಿತ್ರ. ಕರಿಹಲಗೆಯ ಮೇಲೆ ಹತ್ತನೇ ತರಗತಿಯ ವರ್ಗ ಸಮೀಕರಣ.

ನಾನು ಹಾವೇರಿ ಜಿಲ್ಲೆಯವನು. ಈ ಊರಿಗೆ ಬಂದು ಹದಿನೇಳು ವರ್ಷಗಳಾದವು. ಹಗಲು ಕಂಪನಿಯೊಂದರ ತರಬೇತಿ ವಿಭಾಗದಲ್ಲಿ ಕೆಲಸ. ಕೆಲವು ವರ್ಷಗಳಿಂದ ವಾರಕ್ಕೆ ಎರಡು ಸಂಜೆ ಇಂಥದೊಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ನನ್ನ ಮುಂದೆ ಕೂರುವವರಲ್ಲಿ ಆಫೀಸು ಕ್ಯಾಂಟೀನಿನ ಹುಡುಗರಿದ್ದಾರೆ, ಕೊರಿಯರ್ ಹಂಚುವವರಿದ್ದಾರೆ, ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವವರಿದ್ದಾರೆ, ನಾಲ್ಕು ಮನೆಯ ಪಾತ್ರೆ ತೊಳೆದು ಬರುವ ಹೆಣ್ಣುಮಕ್ಕಳಿದ್ದಾರೆ. ಎಲ್ಲರೂ ನಸುಕಿನಲ್ಲೇ ಎದ್ದವರು. ರಾತ್ರಿ ಒಂಬತ್ತೂವರೆಗೆ ಶಾಲೆ ಬಿಟ್ಟ ಮೇಲೆ ಲೋಕಲ್ ಹಿಡಿದು ಮನೆ ಸೇರಿ ಅಡುಗೆ ಮಾಡಿಕೊಂಡು ಉಣ್ಣಬೇಕಾದವರು.

ಇಷ್ಟು ದಣಿದವರು ಯಾಕೆ ಬರುತ್ತಾರೆ? ಚೆನ್ನಾಗಿ ಬರುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಯಾಕೆ ನಿಲ್ಲಿಸಿಬಿಡುತ್ತಾರೆ? ರಾತ್ರಿ ಶಾಲೆಯಲ್ಲಿ ಪಾಠ ಮಾಡುವ ಯಾರನ್ನಾದರೂ ಕೇಳಿ, ಪಾಠಕ್ಕಿಂತ ಹೆಚ್ಚಾಗಿ ಅವರ ತಲೆ ತಿನ್ನುವುದು ಈ ಎರಡು ಪ್ರಶ್ನೆಗಳೇ. ಹಗಲು ನಾನು ಮಾಡುವ ಕೆಲಸಕ್ಕೂ ಇದೇ ಪ್ರಶ್ನೆ ಮೂಲ. ಮನುಷ್ಯ ಏನನ್ನಾದರೂ ಮಾಡಲು ಹೊರಡುವುದು ಯಾವುದರಿಂದ? ಬಿ.ಇಡಿ. ಪುಸ್ತಕಗಳು ಇದನ್ನು ಅಭಿಪ್ರೇರಣೆ ಎಂದು ಕರೆಯುತ್ತವೆ.

ಅವನು ಬರೆಯದ ಪಿರಮಿಡ್

ನೀವು ಯಾವುದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರೂ ಒಮ್ಮೆಯಾದರೂ ಆ ತ್ರಿಕೋನದ ಸ್ಲೈಡ್ ನೋಡಿಯೇ ಇರುತ್ತೀರಿ. ಐದು ಅಂತಸ್ತು, ಐದು ಬಣ್ಣ. ಎಲ್ಲಕ್ಕಿಂತ ಕೆಳಗೆ ಅನ್ನ, ನೀರು, ನಿದ್ರೆ. ಅದರ ಮೇಲೆ ಸುರಕ್ಷತೆ. ಆಮೇಲೆ ಪ್ರೀತಿ ಮತ್ತು ನಮ್ಮವರು ಎನ್ನುವ ನಂಟು. ಅದರ ಮೇಲೆ ಗೌರವ. ತುದಿಯಲ್ಲಿ ಆತ್ಮ ವಾಸ್ತವೀಕರಣ, ಅಂದರೆ ತನ್ನೊಳಗಿನ ಶಕ್ತಿಯೆಲ್ಲ ಅರಳಿ ತಾನು ಆಗಬಹುದಾದದ್ದು ಆಗುವುದು. ಕೆಳಗಿನ ಅಂತಸ್ತು ತುಂಬದೆ ಮೇಲಿನದಕ್ಕೆ ಮನುಷ್ಯ ಏರುವುದಿಲ್ಲ ಎಂಬುದು ಆ ಚಿತ್ರ ಹೇಳುವ ಮಾತು. ನಾನೂ ವರ್ಷಕ್ಕೆ ನಾಲ್ಕಾರು ಸಲ ಅದನ್ನು ತೋರಿಸುವವನೇ.

ಈ ವಿಚಾರವನ್ನು ಮುಂದಿಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ, 1943ರ ಒಂದು ಪ್ರಬಂಧದಲ್ಲಿ. ವಿಚಿತ್ರವೆಂದರೆ ಆ ಪ್ರಬಂಧದಲ್ಲಿ ಪಿರಮಿಡ್ಡೇ ಇಲ್ಲ. ಆ ಚಿತ್ರ ಬಂದದ್ದು ಆಮೇಲೆ, 1960ರ ಸುಮಾರಿಗೆ, ಮ್ಯಾನೇಜ್‌ಮೆಂಟ್ ಸಲಹೆಗಾರರ ಕೈಯಿಂದ. ಅಗತ್ಯಗಳಿಗೆ ಒಂದು ಸಾಮಾನ್ಯ ಕ್ರಮವಿದೆ ಎಂದು ಮಾಸ್ಲೋ ಹೇಳಿದ್ದು ನಿಜ. ಆದರೆ ಆ ಕ್ರಮ ಕಲ್ಲಿನಲ್ಲಿ ಕೊರೆದದ್ದಲ್ಲ, ಒಂದು ಪೂರ್ತಿ ತೀರಿದ ಮೇಲೆಯೇ ಇನ್ನೊಂದು ಹುಟ್ಟುತ್ತದೆ ಎಂದು ತಿಳಿಯಬೇಡಿ ಎಂದೂ ಅವರೇ ಎಚ್ಚರಿಸಿದ್ದರು. ಉದಾಹರಣೆಗೆಂದು ಒಂದು ಕಾಲ್ಪನಿಕ ಲೆಕ್ಕವನ್ನೂ ಕೊಟ್ಟಿದ್ದರು. ಒಬ್ಬ ಸಾಮಾನ್ಯ ಮನುಷ್ಯನ ದೈಹಿಕ ಅಗತ್ಯ ಶೇ 85ರಷ್ಟು ಪೂರೈಸಿರಬಹುದು, ಸುರಕ್ಷತೆ ಶೇ 70, ಪ್ರೀತಿ ಶೇ 50, ಗೌರವ ಶೇ 40, ಆತ್ಮ ವಾಸ್ತವೀಕರಣ ಶೇ 10. ಅಂದರೆ ಐದೂ ಏಕಕಾಲಕ್ಕೆ, ಐದೂ ಅರೆಬರೆ. ಸಂಬಳದ ಮೊದಲ ವಾರ ಮತ್ತು ಕೊನೆಯ ವಾರ ಎರಡನ್ನೂ ಕಂಡಿರುವ ನಮಗೆ ಈ ಅರೆಬರೆ ಲೆಕ್ಕ ಹೊಸತೇನಲ್ಲ.

ಮುಂದೆ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದವರೂ ಇದ್ದಾರೆ. 2011ರಲ್ಲಿ ಲೂಯಿಸ್ ಟೇ ಮತ್ತು ಎಡ್ ಡೀನರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 123 ದೇಶಗಳ ಸಮೀಕ್ಷೆಯ ಮಾಹಿತಿಯನ್ನು ಜಾಲಾಡಿದರು. ಮಾಸ್ಲೋ ಪಟ್ಟಿ ಮಾಡಿದಂಥ ಅಗತ್ಯಗಳು ಎಲ್ಲ ಕಡೆಯ ಜನರಿಗೂ ಮುಖ್ಯವೇ ಎಂದು ಅವರಿಗೆ ಕಂಡಿತು. ಆದರೆ ಕೆಳಗಿನದು ತುಂಬುವವರೆಗೆ ಮೇಲಿನದು ಕಾಯುತ್ತಾ ಕೂರುವುದಿಲ್ಲ. ಅನ್ನ, ಆಶ್ರಯ ಸಾಲದೆ ಇದ್ದವರಿಗೂ ಗೌರವ, ಸ್ನೇಹ ಸಿಕ್ಕಾಗ ಬದುಕು ಹಗುರವಾಗುತ್ತದೆ.

ನಮ್ಮ ಗಾದೆ ಇದಕ್ಕೆ ಒಪ್ಪುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬಡವನ ಶೋಕಿಯನ್ನು ಅದು ಗೇಲಿ ಮಾಡುತ್ತದೆ. ಚಿಕ್ಕಂದಿನಿಂದ ಕೇಳಿ ನಕ್ಕ ಮಾತು ಅದು. ರಾತ್ರಿ ಶಾಲೆಯ ಬೆಂಚುಗಳನ್ನು ನೋಡುತ್ತಾ ನೋಡುತ್ತಾ ನನಗೆ ಅದರ ಮೇಲೆ ಅನುಮಾನ ಶುರುವಾಗಿದೆ. ಮಲ್ಲಿಗೆ ಶೋಕಿಯಲ್ಲ, ಅದೂ ಒಂದು ಹಸಿವೇ.

ಹಿಟ್ಟಿನ ಮಾತನ್ನು ಮರೆಯುವಂತಿಲ್ಲ

ಹಾಗೆಂದು ಹೊಟ್ಟೆಯನ್ನು ಹಗುರವಾಗಿ ಕಾಣುವಂತಿಲ್ಲ. ಹಸಿವು ಮನಸ್ಸನ್ನು ಏನು ಮಾಡುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೇ ಸಾಕ್ಷಿ. ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಮೇಲ್ವಿಚಾರಣೆಯಲ್ಲಿ 36 ಆರೋಗ್ಯವಂತ ಯುವಕರು ತಾವಾಗಿ ಒಪ್ಪಿಕೊಂಡು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಕ್ರಮೇಣ ಅವರಿಗೆ ಓದು, ಹರಟೆ, ಗೆಳೆತನ ಯಾವುದರಲ್ಲೂ ಆಸಕ್ತಿ ಉಳಿಯಲಿಲ್ಲ. ಮಾತೆಲ್ಲ ಊಟದ್ದೇ, ಕನಸೂ ಊಟದ್ದೇ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕಿಕೊಂಡು ಓದತೊಡಗಿದರು.

ಈ ಸತ್ಯವನ್ನು ನಮ್ಮ ದೇಶ ಪ್ರಯೋಗಶಾಲೆಯಿಂದ ಕಲಿಯಬೇಕಾಗಿರಲಿಲ್ಲ. ತಮಿಳುನಾಡಿನಲ್ಲಿ ಕಾಮರಾಜರು 1950ರ ದಶಕದಲ್ಲೇ ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದರು. 1982ರಲ್ಲಿ ಎಂ.ಜಿ.ಆರ್. ಅದನ್ನು ದೊಡ್ಡದಾಗಿ ವಿಸ್ತರಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಕಾಲಿಟ್ಟದ್ದು ಈಶಾನ್ಯ ಭಾಗದ ಜಿಲ್ಲೆಗಳಿಗೆ. ಆ ಕಡೆಯ ಮೇಷ್ಟ್ರುಗಳನ್ನು ಕೇಳಿದರೆ ಹಾಜರಿ ಪುಸ್ತಕಕ್ಕೂ ಸಾಂಬಾರಿನ ವಾಸನೆಗೂ ಇರುವ ಸಂಬಂಧ ಹೇಳುತ್ತಾರೆ.

ಆದರೆ ಕೇಂದ್ರದ ಆ ಊಟದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ. ರಾತ್ರಿ ಶಾಲೆಯವರದು ಅದರಾಚೆಯ ವಯಸ್ಸು. ನಮ್ಮಲ್ಲಿ ದಾನಿಗಳ ನೆರವಿನಿಂದ ಎಂಟು ಗಂಟೆಗೆ ಒಂದು ಬಾಳೆಹಣ್ಣು, ಒಂದು ಬೇಯಿಸಿದ ಮೊಟ್ಟೆ ಅಥವಾ ಶೇಂಗಾ ಚಿಕ್ಕಿ ಕೊಡುತ್ತೇವೆ. ಅದನ್ನು ತಿಂದ ಮೇಲಿನ ತರಗತಿಗೂ ಮುಂಚಿನ ತರಗತಿಗೂ ಇರುವ ವ್ಯತ್ಯಾಸ ನನಗೆ ಕಣ್ಣಿಗೆ ಕಾಣುತ್ತದೆ. ಏಳೂವರೆಗೆ ತೂಕಡಿಸುತ್ತಿದ್ದವನು ಎಂಟೂಕಾಲಿಗೆ ಪ್ರಶ್ನೆ ಕೇಳುತ್ತಾನೆ.

ಇನ್ನೊಂದು ಮಾತು. ಹಸಿದವರೂ ಓದುತ್ತಾರಲ್ಲ, ಮನಸ್ಸಿದ್ದರೆ ಮಾರ್ಗ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ನಮ್ಮ ಬೆಂಚಿನ ಮೇಲೆ ಕಾಣುವವರು ಉಳಿದುಕೊಂಡವರು ಮಾತ್ರ. ಹಸಿವು, ನಿದ್ದೆ, ಪಾಳಿ ಕೆಲಸ ಯಾರನ್ನು ಸೋಲಿಸಿತೋ ಅವರು ಬೆಂಚಿನಲ್ಲಿ ಇರುವುದೇ ಇಲ್ಲ. ಅವರನ್ನು ಲೆಕ್ಕಕ್ಕೆ ಹಿಡಿಯದೆ ಛಲದ ಕಥೆ ಹೇಳುವುದು ನ್ಯಾಯವಲ್ಲ.

ಮಲ್ಲಿಗೆಯ ಮೂರು ಎಸಳು

ಹೊಟ್ಟೆಯ ಆಚೆ ಮನಸ್ಸಿಗೆ ಬೇಕಾದದ್ದು ಏನು? ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಹಲವು ದಶಕ ಈ ಪ್ರಶ್ನೆಯ ಬೆನ್ನು ಹತ್ತಿದರು. ಅವರ ಪ್ರಕಾರ ಮನಸ್ಸಿಗೆ ಮೂರು ಮೂಲ ಅಗತ್ಯಗಳಿವೆ. ಮೊದಲನೆಯದು, ಮಾಡುತ್ತಿರುವುದನ್ನು ನಾನಾಗಿ ಒಪ್ಪಿ ಮಾಡುತ್ತಿದ್ದೇನೆ ಎನ್ನುವ ಭಾವ. ಎರಡನೆಯದು, ಇದು ನನ್ನ ಕೈಲಾಗುತ್ತದೆ ಎನ್ನುವ ಭಾವ. ಮೂರನೆಯದು, ಇಲ್ಲಿ ನನ್ನನ್ನು ಬಲ್ಲವರಿದ್ದಾರೆ, ನಾನು ಇವರಿಗೆ ಬೇಕಾದವನು ಎನ್ನುವ ಭಾವ. ಈ ಮೂರೂ ಸಿಕ್ಕ ಕಡೆ ಕಲಿಕೆ ತಾನಾಗಿ ನಡೆಯುತ್ತದೆ. ಸಿಗದ ಕಡೆ ಬೆತ್ತ ಅಥವಾ ಬಹುಮಾನ ಹಿಡಿದುಕೊಂಡು ನಾವೇ ತಳ್ಳುತ್ತಾ ಇರಬೇಕು.

ಪುಸ್ತಕದಲ್ಲಿ ಓದುವಾಗ ಇದು ನೀತಿಪಾಠದಂತೆ ಕಾಣುತ್ತದೆ. ನನಗೆ ಇದು ಅರ್ಥವಾದದ್ದು ಯಾದಗಿರಿ ಕಡೆಯ ಒಬ್ಬ ಹುಡುಗನಿಂದ. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಮುಂಬೈಗೆ ಬಂದಾಗ ಅವನಿಗೆ ಎಂಟು ವರ್ಷ. ಇಲ್ಲಿನ ಮರಾಠಿ ಶಾಲೆಯಲ್ಲಿ ಎಂಟನೇ ತರಗತಿವರೆಗೆ ಓದಿ ಬಿಟ್ಟಿದ್ದ. ಈಗ ಹತ್ತೊಂಬತ್ತು ವರ್ಷ. ಫ್ಲ್ಯಾಟುಗಳಿಗೆ ಟೈಲ್ಸ್ ಕೂರಿಸುವ ಕೆಲಸ. ತರಗತಿಯಲ್ಲಿ ಮರಾಠಿ, ಸೈಟಿನಲ್ಲಿ ಹಿಂದಿ, ನನ್ನ ಹತ್ತಿರ ಮಾತ್ರ ಅವನ ಮನೆಮಾತು.

ದೀಪಾವಳಿ ಕಳೆದ ಮೇಲೆ ನಡೆದ ಕಿರುಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ ನಲವತ್ತಕ್ಕೆ ಒಂಬತ್ತು ಬಂತು. ಡಿಸೆಂಬರಿನಲ್ಲಿ ಬರುವುದನ್ನೇ ನಿಲ್ಲಿಸಿದ. ಬೋರ್ಡ್ ಪರೀಕ್ಷೆಗೆ ಮೂರು ತಿಂಗಳೂ ಉಳಿದಿರಲಿಲ್ಲ. ನಮ್ಮ ಮುಖ್ಯಾಧ್ಯಾಪಕರಿಗೆ ಒಂದು ಅಭ್ಯಾಸವಿದೆ. ಶಾಲೆ ಬಿಟ್ಟ ಮೇಲೆ ಹಾಜರಿ ಪುಸ್ತಕ ಮುಂದಿಟ್ಟುಕೊಂಡು, ಆ ದಿನ ಬಾರದವರಿಗೆಲ್ಲ ಫೋನ್ ಮಾಡುತ್ತಾರೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಯಾಕೆ ಬರಲಿಲ್ಲ, ಹುಷಾರಿದ್ದೀಯಾ ಎಂದಷ್ಟೇ ಕೇಳುತ್ತಾರೆ. ಈ ಹುಡುಗ ಎರಡು ವಾರ ಫೋನ್ ಎತ್ತಲಿಲ್ಲ. ಅವರು ಬಿಡಲಿಲ್ಲ. ಕೊನೆಗೊಂದು ದಿನ ಎತ್ತಿದ. ಅವರು ಫೋನನ್ನು ನನ್ನ ಕೈಗೆ ಕೊಟ್ಟರು.

“ಸರ್ರ, ಒಂಬತ್ತು ಮಾರ್ಕ್ಸ್ ಬಂದಾವ್ರಿ. ನನ್ನ ತಲಿಗಿ ಇದು ಹತ್ತೂದಲ್ರಿ. ಸಂಜೀಕ ಓವರ್‌ಟೈಮ್ ಮಾಡಿದ್ರ ರೊಕ್ಕನರ ಬರ್ತದ್ರಿ” ಎಂದ.

ಓವರ್‌ಟೈಮಿನ ದುಡ್ಡು ಅವನನ್ನು ಎಳೆಯಿತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಓವರ್‌ಟೈಮ್ ಹಿಂದಿನ ತಿಂಗಳೂ ಇತ್ತು, ಆಗ ಅವನು ಶಾಲೆ ಬಿಟ್ಟಿರಲಿಲ್ಲ. ಅವನನ್ನು ಹೊರಗೆ ಹಾಕಿದ್ದು ಆ ಒಂಬತ್ತು. ಬರೇ ಒಂದು ದಿನ ಬಂದು ಹೋಗು, ಪುಸ್ತಕ ತರಬೇಡ ಎಂದೆ. ಬಂದ.

“ಹತ್ತು ಬೈ ಹನ್ನೆರಡು ಫುಟಿನ ಖೋಲಿಗೆ ಎರಡು ಫುಟಿನ ಟೈಲ್ಸ್ ಎಷ್ಟು ಬೇಕೋ?” ಎಂದು ಕೇಳಿದೆ.

“ಮೂವತ್ತು ಬೇಕ್ರಿ. ಒಡೀತಾವಂತ ಇನ್ನೆರಡು ಹೆಚ್ಚಿಗಿ ತರಬೇಕ್ರಿ” ಎಂದ. ಪೆನ್ನು ಮುಟ್ಟಲಿಲ್ಲ, ಉಸಿರು ಎಳೆದುಕೊಳ್ಳಲೂ ಇಲ್ಲ.

ಈಗ ಅಳತೆ ಮರೆತುಹೋಗಿದೆ ಎಂದುಕೋ. ಖೋಲಿಯ ಉದ್ದ ಅಗಲಕ್ಕಿಂತ ಎರಡು ಫುಟ್ ಹೆಚ್ಚು, ಒಟ್ಟು ವಿಸ್ತೀರ್ಣ ನೂರಿಪ್ಪತ್ತು ಚದರ ಫುಟ್, ಇಷ್ಟೇ ಗೊತ್ತು, ಅಗಲ ಎಷ್ಟು ಎಂದೆ. ಹತ್ತು ಎಂದು ಅವನಿಗೆ ಗೊತ್ತೇ ಇತ್ತು. ಅದೇ ಮಾತನ್ನು ಕರಿಹಲಗೆಯ ಮೇಲೆ ಬೀಜಗಣಿತದಲ್ಲಿ ಬರೆದು ತೋರಿಸಿದೆ. ತಾನು ಹೆದರಿ ಓಡಿದ್ದ ವರ್ಗ ಸಮೀಕರಣ ಇದೇ ಎಂದು ಗೊತ್ತಾದಾಗ ಅವನು ಎದ್ದು ಬಂದು ಆ ಸಾಲುಗಳನ್ನು ಇನ್ನೊಮ್ಮೆ ತಾನೇ ಬರೆದ. ತನ್ನ ಕೈಲಾಗುತ್ತದೆ ಎಂಬ ಭಾವ ಹುಟ್ಟಬೇಕಾದರೆ ಕೈಲಾದ ಒಂದು ಕೆಲಸ ಕಣ್ಣೆದುರಿಗೆ ಇರಬೇಕು. ನೀನು ಬುದ್ಧಿವಂತ ಎಂದು ನೂರು ಸಲ ಹೇಳಿದರೂ ಅದು ಬರುವುದಿಲ್ಲ.

ಮೊದಲ ಅಗತ್ಯವಾದ ಆಯ್ಕೆಯನ್ನೂ ನಮ್ಮ ಮುಖ್ಯಾಧ್ಯಾಪಕರು ಸಣ್ಣ ರೀತಿಯಲ್ಲಿ ಕೊಡುತ್ತಾರೆ. ಕಿರುಪರೀಕ್ಷೆಯ ತಾರೀಖನ್ನು ವಿದ್ಯಾರ್ಥಿಗಳೇ ಕೂತು ಗೊತ್ತು ಮಾಡುತ್ತಾರೆ. ಯಾರ ಅಂಗಡಿಯಲ್ಲಿ ಯಾವಾಗ ಸ್ಟಾಕ್ ಲೆಕ್ಕ, ಯಾರ ಸೈಟಿನಲ್ಲಿ ಯಾವಾಗ ಸ್ಲ್ಯಾಬ್ ಎಂಬುದು ಅವರಿಗೆ ತಾನೆ ಗೊತ್ತು? ದಿನವಿಡೀ ಬೇರೆಯವರು ಹೇಳಿದ್ದನ್ನು ಮಾಡುವವರಿಗೆ ಇದು ತಮ್ಮ ಮಾತು ನಡೆಯುವ ಒಂದೇ ಜಾಗ.

ಆ ಹುಡುಗ ಮಾರ್ಚ್‌ವರೆಗೆ ಬಂದ. ಒಂದು ಸಂಜೆ, ಓವರ್‌ಟೈಮ್ ಬಿಟ್ಟು ಬರುತ್ತಿದ್ದೀಯಲ್ಲ, ಏನನ್ನಿಸುತ್ತದೆ ಎಂದು ಕೇಳಿದೆ. “ಸೈಟಿಗಿ ಹೋಗಲಿಲ್ಲಂದ್ರ ಪಗಾರ ಕಟ್ ಮಾಡ್ತಾರ್ರಿ. ಇಲ್ಲಿ ಬರಲಿಲ್ಲಂದ್ರ ಫೋನ್ ಮಾಡ್ತಾರ್ರಿ” ಎಂದ. ಡೆಸಿ ಮತ್ತು ರಯಾನ್ ಹೇಳಿದ ಮೂರನೆಯ ಅಗತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ.

ಫಲಿತಾಂಶದಲ್ಲಿ ಅವನು ಗಣಿತ ಪಾಸಾದ, ಇಂಗ್ಲಿಷ್ ಹೋಯಿತು. ಮಹಾರಾಷ್ಟ್ರದಲ್ಲಿ ಒಂದೆರಡು ವಿಷಯ ಉಳಿಸಿಕೊಂಡೇ ಹನ್ನೊಂದನೇ ತರಗತಿಗೆ ಸೇರುವ ಸೌಲಭ್ಯವಿದೆ. ಅವನು ಪೂರಕ ಪರೀಕ್ಷೆಗೆ ಕಟ್ಟಿದ್ದಾನೆ. ಮುಂದೇನಾಗುತ್ತದೋ ಗೊತ್ತಿಲ್ಲ, ಹಾಜರಿಯಲ್ಲಿ ಹೆಸರಂತೂ ಇದೆ.

ಹಗಲೆಲ್ಲ ‘ಏ ಹುಡ್ಗ’, ರಾತ್ರಿ ಪೂರ್ತಿ ಹೆಸರು

ರಾತ್ರಿ ಶಾಲೆ ಈ ನೆಲಕ್ಕೆ ಹೊಸತಲ್ಲ. ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ ಪುಣೆಯಲ್ಲಿ ದುಡಿಯುವ ಜನರಿಗಾಗಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಮುಂಬೈ ಕನ್ನಡಿಗರ ಇತಿಹಾಸದಲ್ಲಂತೂ ಅದಕ್ಕೆ ದೊಡ್ಡ ಜಾಗವಿದೆ. ಅವಿಭಜಿತ ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷಕ್ಕೇ ಹೋಟೆಲ್ ಕೆಲಸಕ್ಕೆ ಬಂದ ಹುಡುಗರಿಗೆಂದು ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ಇಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡದಲ್ಲಿ ಮೆಟ್ರಿಕ್ ಮಾಡಿಕೊಂಡವರು ಬ್ಯಾಂಕು ಸೇರಿದರು, ವಕೀಲರಾದರು, ತಮ್ಮದೇ ಹೋಟೆಲ್ ತೆರೆದರು.

ಅಂಥವರೊಬ್ಬರು ನನಗೆ ಪರಿಚಯ. ಕುಂದಾಪುರ ಕಡೆಯವರು, ಈಗ ಎಪ್ಪತ್ತು ದಾಟಿದೆ. ನಾನು ಅವರನ್ನು ಅಣ್ಣ ಎಂದೇ ಕರೆಯುವುದು. ಹದಿಮೂರನೇ ವರ್ಷಕ್ಕೆ ಫೋರ್ಟಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆಯಲು ನಿಂತವರು. ಕೆಲಸ ಮುಗಿಸಿ ಅಲ್ಲೇ ಹತ್ತಿರದ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರಂತೆ. ಅಷ್ಟು ಸುಸ್ತಾದ ಮೇಲೂ ಯಾಕೆ ಹೋಗುತ್ತಿದ್ದಿರಿ, ಮುಂದೆ ಒಳ್ಳೆಯ ಕೆಲಸ ಸಿಗಲಿ ಎಂದಾ ಎಂದು ಕೇಳಿದೆ.

“ಮುಂದಿನದ್ದು ಆಗ ಯಾರಿಗೆ ಗೊತ್ತಿತ್ತು ಮಾರಾಯ್ರೆ? ಹಗಲಿಡೀ ನಾವು ‘ಏ ಹುಡ್ಗ’. ರಾತ್ರಿ ಮಾಸ್ಟ್ರು ಹಾಜರಿ ಕರಿವಾಗ ಪೂರ್ತಿ ಹೆಸರು, ಇನಿಶಿಯಲ್ ಸಮೇತ. ಅದನ್ನು ಕೇಳ್ಲಿಕ್ಕೇ ಹೋಗ್ತಿದ್ದದ್ದು” ಎಂದರು.

ಮಾಸ್ಲೋ ಗೌರವವನ್ನು ನಾಲ್ಕನೆಯದಾಗಿ ಬರೆದಿದ್ದರು. ಗ್ಲಾಸು ತೊಳೆಯುವ ಹುಡುಗನಿಗೆ ಅದು ಆ ದಿನವೇ ಬೇಕಾಗಿತ್ತು.

ಬಹುಮಾನದ ಪೆಟ್ಟು

ಇದೆಲ್ಲ ರಾತ್ರಿ ಶಾಲೆಯ ಮಾತಾಯಿತು, ನಮ್ಮ ಮಕ್ಕಳಿಗೇನು ಸಂಬಂಧ ಎಂದು ನೀವು ಕೇಳಬಹುದು. ಊರು ಬಿಟ್ಟು ಬಂದು ದುಡಿಯುವ ನಮ್ಮಂಥವರ ಮನೆಗಳಲ್ಲಿ ಮಕ್ಕಳಿಗೆ ಹಿಟ್ಟಿನ ಕೊರತೆಯಿಲ್ಲ. ಅದಕ್ಕೇ ಇರಬೇಕು, ಓದಿಸಲು ನಾವು ಬಳಸುವ ಆಯುಧವೂ ವಸ್ತುಗಳೇ. ತೊಂಬತ್ತು ಪರ್ಸೆಂಟ್ ಬಂದರೆ ಟ್ಯಾಬ್, ಒಲಿಂಪಿಯಾಡ್ ಪದಕ ಬಂದರೆ ಸೈಕಲ್, ಕನ್ನಡದಲ್ಲಿ ಒಂದು ಪುಟ ಓದಿದರೆ ಅರ್ಧ ಗಂಟೆ ಮೊಬೈಲ್.

1973ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ, ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯಲು ಮೊದಲೇ ಇಷ್ಟವಿದ್ದ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ಆ ಪೆನ್ನುಗಳನ್ನು ಸುಮ್ಮನೆ ಆಟದ ಹೊತ್ತಿನಲ್ಲಿ ಇಟ್ಟು ನೋಡಿದರು. ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಆಟವಾಗಿದ್ದದ್ದು ಅವರಿಗೆ ಕೂಲಿ ಕೆಲಸವಾಗಿತ್ತು. ಅನಿರೀಕ್ಷಿತವಾಗಿ ಪತ್ರ ಪಡೆದವರಿಗೆ ಹಾಗೇನೂ ಆಗಿರಲಿಲ್ಲ.

ಬಹುಮಾನವೆಲ್ಲ ಕೆಟ್ಟದ್ದೇ ಎಂದು ಇದರ ಅರ್ಥವಲ್ಲ. ಈ ಬಗ್ಗೆ ಮನಶ್ಶಾಸ್ತ್ರಜ್ಞರ ನಡುವೆ ದೊಡ್ಡ ವಾದವೇ ನಡೆದಿದೆ. ಡೆಸಿ ಮತ್ತು ಸಂಗಡಿಗರು 1999ರಲ್ಲಿ 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮೊದಲೇ ಮಾತು ಕೊಟ್ಟು ಕೊಡುವ ವಸ್ತು, ಹಣ ಆಸಕ್ತಿಯನ್ನು ತಗ್ಗಿಸುತ್ತದೆ, ಮಾಡಿದ ಕೆಲಸವನ್ನು ನೋಡಿ ಆಡುವ ಮೆಚ್ಚುಗೆಯ ಮಾತು ಹೆಚ್ಚಿಸುತ್ತದೆ ಎಂದು ಕಂಡಿತು. ತಾನಾಗಿ ಇಷ್ಟಪಟ್ಟು ಮಾಡುವ ಕೆಲಸದ ಮಾತು ಇದು. ಮೊದಲಿಂದಲೂ ಬೇಸರ ತರಿಸುವ ಕೆಲಸಕ್ಕೆ ಸಣ್ಣ ಆಸೆ ತೋರಿಸಿದರೆ ಕಳೆದುಕೊಳ್ಳುವುದೇನಿಲ್ಲ. ಅಪಾಯ ಇರುವುದು ಮಗುವಿಗೆ ಇಷ್ಟವಾಗುತ್ತಿದ್ದ ಕಡೆ ನಾವು ಬೆಲೆಚೀಟಿ ಅಂಟಿಸಿದಾಗ.

ನಮ್ಮ ವಸತಿ ಸಂಕೀರ್ಣದಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಓದು ಬರಹ ಕಲಿಸುತ್ತೇವೆ. ಸ್ಟಿಕ್ಕರ್ ಕೊಟ್ಟಷ್ಟು ದಿನ ಮಕ್ಕಳು ಬಂದರು, ಸ್ಟಿಕ್ಕರ್ ಮುಗಿದ ಮೇಲೆ ಕರಗಿದರು. ಮತ್ತೆ ಬಂದದ್ದು ರಾಜ್ಯೋತ್ಸವಕ್ಕೆ ಹತ್ತು ನಿಮಿಷದ ನಾಟಕ ಆಡುವುದೆಂದು ಮಕ್ಕಳೇ ತೀರ್ಮಾನಿಸಿದಾಗ. ಯಾವ ಪಾತ್ರ ಯಾರಿಗೆ ಎಂಬುದನ್ನೂ ಅವರೇ ಜಗಳವಾಡಿ ಗೊತ್ತು ಮಾಡಿಕೊಂಡರು. ಸಂಭಾಷಣೆ ಓದಲು ಅಕ್ಷರ ಬೇಕಾಯಿತು, ಕಲಿತರು. ಒಂಬತ್ತು ವರ್ಷದ ಒಬ್ಬಳು ತನ್ನ ಮಾತುಗಳನ್ನು ಧಾರವಾಡದ ಅಜ್ಜಿಗೆ ವಿಡಿಯೊ ಕಾಲ್‌ನಲ್ಲಿ ಓದಿ ಹೇಳಿದಳು. “ಮತ್ತ ಒಂದ್ ಸಲ ಓದವ್ವಾ” ಎಂದರಂತೆ ಅಜ್ಜಿ. ಯಾವ ಸ್ಟಿಕ್ಕರಿಗೂ ಆಗದ ಕೆಲಸವನ್ನು ಆ ಒಂದು ಮಾತು ಮಾಡಿತು. ಕನ್ನಡ ಕಲಿ ಎಂದು ಮಗುವಿಗೆ ಹೇಳುವ ಮೊದಲು, ಆ ಕನ್ನಡವನ್ನು ಅದು ಯಾರ ಜೊತೆ ಆಡಬೇಕು ಎಂಬುದಕ್ಕೆ ನಮ್ಮ ಬಳಿ ಉತ್ತರ ಇರಬೇಕು.

ನಮ್ಮ ಪಾಲಿನ ಫೋನ್

ಕೊನೆಯದಾಗಿ ನಮ್ಮದೇ ವಿಷಯ. ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯ ಕಡೆ ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಹುಡುಗ ಹುಡುಗಿಯರನ್ನು ನೆನೆಯಿರಿ. ಸಂಬಳ ಬರುತ್ತದೆ, ಪಿ.ಜಿ.ಯಲ್ಲಿ ಊಟ ಸಿಗುತ್ತದೆ, ವಿಮೆ ಇದೆ. ಪಿರಮಿಡ್ಡಿನ ಕೆಳಗಿನ ಎರಡು ಅಂತಸ್ತು ಭರ್ತಿ. ಶನಿವಾರ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರೆ ಸೋಮವಾರದವರೆಗೆ ಹೆಸರು ಹಿಡಿದು ಕರೆಯುವವರಿಲ್ಲ. ತರಬೇತಿಗೆ ಬರುವ ಇಂಥವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಕೆಲಸದಲ್ಲಿ ಮನಸ್ಸಿಲ್ಲ ಎಂದು ಅವರ ಮೇಲಧಿಕಾರಿಗಳು ಹೇಳುತ್ತಾರೆ, ಪ್ರೋತ್ಸಾಹಧನ ಹೆಚ್ಚಿಸೋಣ ಎನ್ನುತ್ತಾರೆ. ಬೇಕಾದದ್ದು ಹಲವು ಸಲ ಪ್ರೋತ್ಸಾಹಧನವಲ್ಲ, ಮಧ್ಯಾಹ್ನ ಊಟಕ್ಕೆ ಜೊತೆಗೆ ಕರೆದೊಯ್ಯುವ ಒಬ್ಬ ಹಿರಿಯ.

ಹಿಂದಿನ ತಲೆಮಾರಿನವರು ಮುಂಬೈಯಲ್ಲಿ ಸಂಘ ಕಟ್ಟಿ, ಶಾಲೆ ತೆರೆದು, ಹಾಜರಿ ಕರೆದರು. ಅವರಲ್ಲಿ ಎಷ್ಟೋ ಜನ ಮಾಸ್ಲೋ ಹೆಸರು ಕೇಳಿದವರಲ್ಲ. ಊರು ಬಿಟ್ಟು ಬಂದವನಿಗೆ ಕೂಲಿಯ ಜೊತೆಗೆ ಇನ್ನೇನು ಬೇಕು ಎಂದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಆ ಕೆಲಸ ಮುಂದುವರಿಸಲು ನಾವೆಲ್ಲ ಶಾಲೆ ತೆರೆಯಬೇಕೆಂದಿಲ್ಲ. ನಿಮ್ಮ ಕಟ್ಟಡದ ವಾಚ್‌ಮನ್, ಆಫೀಸಿಗೆ ಚಹಾ ತರುವ ಹುಡುಗ ಎಷ್ಟನೇ ತರಗತಿಗೆ ಶಾಲೆ ಬಿಟ್ಟ ಎಂದು ಹೆಸರು ಹಿಡಿದು ಕೇಳಿ. ಮುಂಬೈಯಲ್ಲಿದ್ದರೆ ಹತ್ತಿರದ ರಾತ್ರಿ ಶಾಲೆ ಎಲ್ಲಿದೆ ಎಂದು ಅವನಿಗೆ ತೋರಿಸಿ, ಬೇರೆ ಊರಿನಲ್ಲಿದ್ದರೆ ಮುಕ್ತ ಶಾಲೆಯ ಪರೀಕ್ಷೆಗೆ ಅರ್ಜಿ ತುಂಬಿಸಿ. ವಾರಕ್ಕೊಂದು ಸಂಜೆ ಬಿಡುವಿದ್ದರೆ ಗಣಿತಕ್ಕೂ ಇಂಗ್ಲಿಷಿಗೂ ಮೇಷ್ಟ್ರುಗಳ ಕೊರತೆ ಯಾವಾಗಲೂ ಇದೆ.

ಅಷ್ಟೂ ಆಗದಿದ್ದರೆ, ಕಳೆದ ತಿಂಗಳು ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬಂದು ಈ ಸಲ ಕಾಣದೆ ಹೋದ ಆ ಹೊಸ ಹುಡುಗನಿಗೆ ಇವತ್ತು ಒಂದು ಫೋನ್ ಮಾಡಿ. ಯಾಕೆ ಬರಲಿಲ್ಲ, ಹುಷಾರಿದ್ದೀಯಾ ಎಂದು ಕೇಳಿದರೆ ಸಾಕು.